ಮೊಣಕಾಲು ನೆಲ ಮುಟ್ಟುವ ಮುನ್ನ



ಮೊಣಕಾಲು ಎಂದೊಡನೆ ನಮಗೆ ನೆನಪಾಗುವುದು ಪ್ರಾರ್ಥನೆ. ದೇವಾಲಯಕ್ಕೆ ಬಂದೊಡನೆ ಪರಮಪ್ರಸಾದದ ಮುಂದೆ ಮೊಣಕಾಲೂರುತ್ತೇವೆ. ಗೆತ್ಸೆಮನಿ ತೋಟದಲ್ಲಿ ಪ್ರಭು ಯೇಸು ಶಿಷ್ಯರಿಂದ ಕಲ್ಲೆಸೆತದಷ್ಟು ದೂರ ಹೋಗಿ ಮೊಣಕಾಲೂರಿ ಪ್ರಾರ್ಥಿಸಿದರೆಂದು ಸಂತ ಲೂಕರು ತಿಳಿಸುತ್ತಾರೆ. ಆದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಮ್ಮ ಕೆಲವು ಯುವಕರ ಬಾಯಲ್ಲಿ ಇಂದು ಇನ್ನೊಂದು ಬಗೆಯ ಮೊಣಕಾಲಿನ ಮಾತಿದೆ. ತಿರುವಿನಲ್ಲಿ ಬೈಕನ್ನು ಪೂರ್ತಿ ವಾಲಿಸಿ, ಒಳಬದಿಯ ಮೊಣಕಾಲನ್ನು ಟಾರು ರಸ್ತೆಗೆ ತಾಗಿಸಿಕೊಂಡು ಹೋಗುವುದು! ಮೊಬೈಲಿನಲ್ಲಿ ಅದನ್ನು ನೋಡುತ್ತಾರೆ. ನಮಗೂ ಬರಬೇಕು ಎಂದು ಆಸೆಪಡುತ್ತಾರೆ. ಅಪ್ಪ ಬೈಯುತ್ತಾನೆ, ಅವ್ವ ಜಪಸರ ಹಿಡಿದು ಬಾಗಿಲಲ್ಲಿ ಕಾಯುತ್ತಾಳೆ. ಇದು ಪಾಪವೇ? ಶೌರ್ಯವೇ? ಬರೀ ಹುಚ್ಚೇ? ಇಂದು ಇದನ್ನೇ ಸ್ವಲ್ಪ ಚಿಂತಿಸೋಣ.

ಮೊದಲು ಈ ವಿದ್ಯೆ ಏನೆಂದು ತಿಳಿಯೋಣ. ತಿಳಿಯದೆ ಖಂಡಿಸುವುದು ನ್ಯಾಯವಲ್ಲ. ಇದು ಹುಟ್ಟಿದ್ದು ಬೀದಿಯಲ್ಲಲ್ಲ, ರೇಸಿನ ಟ್ರ್ಯಾಕಿನಲ್ಲಿ. 1970ರ ದಶಕದ ಆರಂಭದಲ್ಲಿ ಫಿನ್ಲೆಂಡಿನ ಯಾರ್ನೊ ಸಾರಿನೆನ್ ಎಂಬ ಸವಾರ ತಿರುವಿನಲ್ಲಿ ಸೀಟಿನಿಂದ ಒಳಬದಿಗೆ ಜಾರಿ, ಮೊಣಕಾಲು ಚಾಚಿ ಓಡಿಸಿ ಹೆಸರಾದರು. ಆಮೇಲೆ ಅಮೆರಿಕದ ಕೆನ್ನಿ ರಾಬರ್ಟ್ಸ್ ಅದೇ ರೀತಿಯನ್ನು ಬೆಳೆಸಿ 1978, 1979 ಮತ್ತು 1980ರಲ್ಲಿ 500 ಸಿಸಿ ವಿಭಾಗದ ವಿಶ್ವ ಚಾಂಪಿಯನ್ ಆದರು. ಇಂದು ದೊಡ್ಡ ರೇಸುಗಳಲ್ಲಿ ಬೈಕು 60 ಡಿಗ್ರಿಗೂ ಹೆಚ್ಚು ವಾಲುತ್ತದೆ; ಮೊಣಕಾಲಷ್ಟೇ ಅಲ್ಲ, ಮೊಣಕೈಯೂ ನೆಲ ಸವರುತ್ತದೆ. ಸವಾರರ ಚರ್ಮದ ಉಡುಪಿನ ಮೊಣಕಾಲಿಗೆ ಸವೆದಂತೆ ಬದಲಾಯಿಸುವ ಪ್ಲಾಸ್ಟಿಕ್ ಬಿಲ್ಲೆಗಳಿರುತ್ತವೆ.

ಇದರ ಹಿಂದೆ ಲೆಕ್ಕವಿದೆ. 30 ಮೀಟರ್ ತ್ರಿಜ್ಯದ ಒಂದು ತಿರುವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ದಾಟಲು ಸುಮಾರು 13 ಡಿಗ್ರಿ ವಾಲಿದರೆ ಸಾಕು. ಅದೇ ತಿರುವಿನಲ್ಲಿ ವೇಗ 60 ಆದರೆ ಸುಮಾರು 43 ಡಿಗ್ರಿ ವಾಲಬೇಕು. ವೇಗ ಎರಡು ಪಟ್ಟಾದರೆ ಹೊರಗೆ ತಳ್ಳುವ ಸೆಳೆತ ನಾಲ್ಕು ಪಟ್ಟಾಗುತ್ತದೆ. ಸವಾರ ತನ್ನ ಮೈಯನ್ನು ಒಳಬದಿಗೆ ಇಳಿಸಿದರೆ ಅದೇ ವೇಗಕ್ಕೆ ಬೈಕು ಸ್ವಲ್ಪ ಕಡಿಮೆ ವಾಲಿದರೂ ನಡೆಯುತ್ತದೆ. ಅದಕ್ಕಾಗಿಯೇ ಅವರು ಹಾಗೆ ಜೋತುಬೀಳುವುದು, ಚಂದಕ್ಕಲ್ಲ. ಮೊಣಕಾಲು ಬೈಕನ್ನು ಹೊರುವ ಊರುಗೋಲೂ ಅಲ್ಲ. ಬಾವಿಯ ಆಳ ನೋಡಲು ಇಳಿಬಿಟ್ಟ ಹಗ್ಗದಂತೆ ಅದೊಂದು ಅಳತೆ: ಇಷ್ಟು ವಾಲಿದ್ದೇನೆ, ಇನ್ನು ಇಷ್ಟೇ ಉಳಿದಿದೆ ಎಂದು ಸವಾರನಿಗೆ ತಿಳಿಸುತ್ತದೆ.

ಈ ವಿದ್ಯೆಯನ್ನು ಕಲಿಸುವವರು ಹೇಳುವ ಮೂರು ಪಾಠಗಳನ್ನು ಗಮನಿಸಿ. ಅವುಗಳಲ್ಲಿ ನಮ್ಮ ಆತ್ಮಕ್ಕೂ ಔಷಧಿಯಿದೆ.

ಮೊದಲನೆಯದು: ವೇಗ ತಗ್ಗಿಸುವುದು ತಿರುವಿಗೆ ಮೊದಲೇ. ಟೈರು ನೆಲವನ್ನು ಹಿಡಿಯುವ ಜಾಗ ಅಂಗೈಯಷ್ಟು ಅಗಲ ಮಾತ್ರ. ಆ ಹಿಡಿತ ಒಂದೇ ಜೋಳದ ರೊಟ್ಟಿ ಇದ್ದಂತೆ. ತಿರುಗಲು ಇಷ್ಟು, ಬ್ರೇಕಿಗೆ ಇಷ್ಟು ಎಂದು ಹಂಚಬೇಕು. ಪೂರ್ತಿ ವಾಲಿದ ಮೇಲೆ ಗಾಬರಿಯಾಗಿ ಬ್ರೇಕು ಒತ್ತಿದರೆ ಹಂಚಲು ರೊಟ್ಟಿಯೇ ಉಳಿದಿರುವುದಿಲ್ಲ. ಶೋಧನೆಯೂ ಹೀಗೆಯೇ. ಅದು ಬಂದು ನಮ್ಮನ್ನು ವಾಲಿಸಿದ ಮೇಲೆ ತಡೆಯುತ್ತೇನೆ ಎನ್ನುವವನು ಬೀಳುತ್ತಾನೆ. ಮೊದಲೇ ನಿಧಾನಿಸಿದವನು ದಾಟುತ್ತಾನೆ.

ಎರಡನೆಯದು: ಕಣ್ಣು ಎಲ್ಲೋ ಗಾಡಿ ಅಲ್ಲೇ. ರಸ್ತೆಯ ಗುಂಡಿಯನ್ನೇ ದಿಟ್ಟಿಸಿದವನು ಗುಂಡಿಗೇ ಹೋಗುತ್ತಾನೆ. ತಿರುವಿನ ಆಚೆ ತಾನು ಹೋಗಬೇಕಾದ ಕಡೆ ನೋಡಿದವನು ಅಲ್ಲಿಗೆ ತಲುಪುತ್ತಾನೆ. ಸಂತ ಪೇತ್ರರು ನೀರಿನ ಮೇಲೆ ನಡೆದದ್ದು ನೆನಪಿದೆಯೇ? ಪ್ರಭುವನ್ನು ನೋಡುತ್ತಿದ್ದಷ್ಟು ಹೊತ್ತು ನಡೆದರು. ಗಾಳಿಯ ಅಬ್ಬರದ ಕಡೆ ಗಮನ ಹೋದಾಗ ಮುಳುಗತೊಡಗಿದರು.

ಮೂರನೆಯದು ಎಲ್ಲಕ್ಕಿಂತ ಮುಖ್ಯ: ಮೊಣಕಾಲು ಕೊನೆಗೆ ಬರುವುದು. ನೋಟ, ಕುಳಿತುಕೊಳ್ಳುವ ರೀತಿ, ಬ್ರೇಕು, ನಯವಾದ ಕೈ, ಇವೆಲ್ಲ ಒಂದೊಂದಾಗಿ ಪಳಗಿದ ಮೇಲೆ ಒಂದು ದಿನ ಮೊಣಕಾಲು ತಾನಾಗಿ ನೆಲ ತಾಗುತ್ತದೆ. ಅದನ್ನೇ ಬೆನ್ನಟ್ಟಿ, ಕಾಲು ಚಾಚಿ, ಬೈಕನ್ನು ಬಲವಂತವಾಗಿ ವಾಲಿಸಿದವನು ನೆಲಕ್ಕೆ ಕೊಡುವುದು ಮೊಣಕಾಲನ್ನಲ್ಲ, ಇಡೀ ಮೈಯನ್ನು. ಪ್ರಾರ್ಥನೆಯಲ್ಲೂ ಇದೇ ಕ್ರಮ. ಮೊದಲು ಹೃದಯ ಬಾಗಬೇಕು, ಆಮೇಲೆ ಮೊಣಕಾಲು. ಜನ ನೋಡಲಿ ಎಂದು ಬೀದಿಯಲ್ಲಿ ನಿಂತು ಪ್ರಾರ್ಥಿಸುವವರ ಬಗ್ಗೆ ಪ್ರಭು ಏನು ಹೇಳಿದರೆಂಬುದು ನಿಮಗೆ ಗೊತ್ತು.

ಹಾಗಾದರೆ ಇದು ಪಾಪವೇ? ವಿದ್ಯೆ ಪಾಪವಲ್ಲ. ಕೈಕಾಲುಗಳ ಚಳಕ, ಎದೆಯ ಧೈರ್ಯ ದೇವರು ಕೊಟ್ಟ ವರಗಳೇ. ಆದರೆ ಎಲ್ಲಿ, ಹೇಗೆ, ಯಾರ ಪ್ರಾಣವನ್ನು ಪಣಕ್ಕಿಟ್ಟು ಎಂಬ ಪ್ರಶ್ನೆ ಇದೆ.

ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಎದುರಿನಿಂದ ಲಾರಿ ಬರುವುದಿಲ್ಲ. ನಮ್ಮ ರಸ್ತೆ ಹಾಗಿದೆಯೇ? ಲಿಂಗಸುಗೂರಿನಿಂದ ಮಸ್ಕಿ, ಸಿಂಧನೂರು ಹಾಯ್ದು ಸಿರುಗುಪ್ಪದ ಕಡೆ ಹೋಗುವ ಹೆದ್ದಾರಿಯನ್ನು ನೆನೆಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಿಂದ ಹೊರಬಂದ ಟ್ರ್ಯಾಕ್ಟರುಗಳು ಟಾರಿನ ಮೇಲೆ ಕೆಸರು ಬಿಟ್ಟು ಹೋಗುತ್ತವೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರಡಿರುತ್ತದೆ. ಭತ್ತದ ಕಾಳಿನ ಮೇಲೆ ವಾಲಿದ ಟೈರು ನಿಲ್ಲುವುದುಂಟೇ? ತಿರುವಿನಾಚೆ ಎಮ್ಮೆ ಇರಬಹುದು, ಶಾಲೆ ಬಿಟ್ಟ ಮಕ್ಕಳಿರಬಹುದು, ಕ್ಯಾಂಪಿನಿಂದ ಕೂಲಿಗೆ ಹೊರಟ ಹೆಂಗಸರಿರಬಹುದು. ಅವರು ನಿನ್ನ ಸಾಹಸಕ್ಕೆ ಒಪ್ಪಿಗೆ ಕೊಟ್ಟಿಲ್ಲ, ತಮ್ಮಾ!

ಇಲ್ಲಿ ನನಗೆ ನೆನಪಾಗುವುದು ಯೇಸುಸ್ವಾಮಿಯ ಶೋಧನೆ. ಸೈತಾನನು ಅವರನ್ನು ಜೆರುಸಲೇಮ್ ದೇವಾಲಯದ ಶಿಖರಕ್ಕೆ ಕರೆದೊಯ್ದು, ಧುಮುಕು, ದೇವದೂತರು ನಿನ್ನನ್ನು ಹಿಡಿದುಕೊಳ್ಳುತ್ತಾರೆ ಎಂದ. ಅದಕ್ಕೆ ಧರ್ಮಗ್ರಂಥದ ಮಾತನ್ನೇ ಆಧಾರ ಕೊಟ್ಟ! ಪ್ರಭು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದು ಎಂದು ಉತ್ತರಿಸಿದರು. ಅವರಿಗೆ ಧೈರ್ಯವಿರಲಿಲ್ಲವೇ? ಅದೇ ಪ್ರಭು ಮುಂದೆ ಶಿಲುಬೆಯನ್ನು ಹೊತ್ತರು. ಪ್ರೀತಿಗಾಗಿ ಪ್ರಾಣ ಕೊಡುವುದು ಬೇರೆ, ಪ್ರದರ್ಶನಕ್ಕಾಗಿ ಪ್ರಾಣ ಎಸೆಯುವುದು ಬೇರೆ. ಹೊಸ ಗಾಡಿ ಕೊಂಡಾಗ ಆಶೀರ್ವಾದಕ್ಕೆಂದು ಚರ್ಚಿಗೆ ತರುತ್ತೀರಿ. ತೀರ್ಥ ಚಿಮುಕಿಸುತ್ತೇವೆ, ಸಂತ ಕ್ರಿಸ್ಟೋಫರರ ಬಿಲ್ಲೆ ಕಟ್ಟುತ್ತೀರಿ. ಒಳ್ಳೆಯದೇ. ಆದರೆ ಆಶೀರ್ವಾದವೆಂದರೆ ಧುಮುಕಲು ಕೊಟ್ಟ ಪರವಾನಗಿಯಲ್ಲ.

1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥ ಈ ವಿಷಯದಲ್ಲಿ ಮೌನವಾಗಿಲ್ಲ. ಕುಡಿತದಿಂದಾಗಲಿ ವೇಗದ ಹುಚ್ಚಿನಿಂದಾಗಲಿ ತನ್ನ ಮತ್ತು ಪರರ ಸುರಕ್ಷತೆಗೆ ಅಪಾಯ ತರುವವರು ಗಂಭೀರ ಅಪರಾಧಕ್ಕೆ ಗುರಿಯಾಗುತ್ತಾರೆಂದು ಅದರ 2290ನೆಯ ಪರಿಚ್ಛೇದ ಕಲಿಸುತ್ತದೆ. ಈ ಮಾತು ಬರುವುದು ಐದನೆಯ ಕಟ್ಟಳೆಯ ವಿವರಣೆಯಲ್ಲಿ, ಅಂದರೆ ಕೊಲೆಯನ್ನು ನಿಷೇಧಿಸುವ ಕಟ್ಟಳೆಯಲ್ಲಿ. 2007ರಲ್ಲಿ ವ್ಯಾಟಿಕನ್ ರಸ್ತೆ ಬಳಸುವವರಿಗಾಗಿ ಮಾರ್ಗದರ್ಶನವನ್ನೇ ಹೊರಡಿಸಿ, ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಅಲ್ಲಿಯೂ ಮೊದಲನೆಯದು ಕೊಲ್ಲಬಾರದೆಂಬುದೇ. ನಮ್ಮಲ್ಲಿ ಎಷ್ಟು ಮಂದಿ ಪಾಪನಿವೇದನೆಯಲ್ಲಿ ವೇಗದ ಬಗ್ಗೆ ಆತ್ಮಶೋಧನೆ ಮಾಡಿಕೊಂಡಿದ್ದೇವೆ?

ಅಂಕಿಗಳನ್ನೂ ನೋಡಿ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029. ಒಬ್ಬೊಬ್ಬರ ಹಿಂದೆಯೂ ಬಾಗಿಲಲ್ಲಿ ಕಾಯುತ್ತಿದ್ದ ಯಾರೋ ಒಬ್ಬರಿದ್ದರು.

ಟ್ರ್ಯಾಕಿಗೆ ಹೋದರೆ ಎಲ್ಲವೂ ಸುರಕ್ಷಿತ ಎಂದೂ ಭಾವಿಸಬೇಡಿ. ಮೇಲೆ ಹೇಳಿದ ಸಾರಿನೆನ್ 1973ರ ಮೇ 20ರಂದು ಇಟಲಿಯ ಮೊಂಜಾ ಟ್ರ್ಯಾಕಿನಲ್ಲೇ ಅಪಘಾತಕ್ಕೆ ಬಲಿಯಾದರು. 2023ರ ಆಗಸ್ಟ್ 5ರಂದು ಚೆನ್ನೈ ಬಳಿಯ ಟ್ರ್ಯಾಕಿನಲ್ಲಿ ರಾಷ್ಟ್ರಮಟ್ಟದ ರೇಸಿನ ವೇಳೆ ನಮ್ಮ ಬೆಂಗಳೂರಿನ 13 ವರ್ಷದ ಬಾಲಕನೊಬ್ಬ ಬಿದ್ದು ತೀರಿಕೊಂಡ. ತರಬೇತಿಯಿತ್ತು, ರಕ್ಷಾ ಉಡುಪಿತ್ತು, ಆಂಬುಲೆನ್ಸ್ ಇತ್ತು. ಆದರೂ ಆ ಮನೆ ಬರಿದಾಯಿತು. ಆ ತಂದೆತಾಯಿಯ ಮೇಲೆ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಅವರಿಗಾಗಿ ಪ್ರಾರ್ಥಿಸುವುದು ನಮ್ಮ ಕೆಲಸ. ಜೊತೆಗೆ, ಮಕ್ಕಳ ಪ್ರತಿಭೆಯನ್ನು ಎಷ್ಟು ಬೇಗ, ಎಷ್ಟು ದೂರ ತಳ್ಳಬೇಕೆಂದು ಪ್ರತಿ ಮನೆಯೂ ಕೇಳಿಕೊಳ್ಳಬೇಕು.

ಸಂತ ಥಾಮಸ್ ಅಕ್ವಿನಾಸರು ಸ್ಥೈರ್ಯವೆಂಬ ಸದ್ಗುಣವನ್ನು ಎರಡು ತಪ್ಪುಗಳ ನಡುವೆ ಇಡುತ್ತಾರೆ. ಒಂದು ಕಡೆ ಹೇಡಿತನ, ಇನ್ನೊಂದು ಕಡೆ ದುಡುಕು. ಅಪಾಯವೇ ಇಲ್ಲ ಎಂದುಕೊಳ್ಳುವವನು ಧೀರನಲ್ಲ. ಅಪಾಯವನ್ನು ಅಳೆದು, ಒಳ್ಳೆಯದಕ್ಕಾಗಿ ಅದನ್ನು ಎದುರಿಸುವವನು ಧೀರ. ನಮ್ಮ ಲಿಂಗಸುಗೂರು ತಾಲೂಕಿನ ಹಟ್ಟಿ ಚಿನ್ನದ ಗಣಿಯನ್ನೇ ನೋಡಿ. ಮನೆಮಂದಿಯ ಅನ್ನಕ್ಕಾಗಿ ಭೂಮಿಯ ಒಡಲಿಗೆ ಇಳಿಯುವ ಕಾರ್ಮಿಕನಿಗಿಂತ ಧೀರರು ಬೇಕೇ? ಆದರೂ ಅವನು ಶಿರಸ್ತ್ರಾಣವಿಲ್ಲದೆ, ದೀಪವಿಲ್ಲದೆ ಇಳಿಯುವುದಿಲ್ಲ. ಆ ಎಚ್ಚರ ಅವನ ಧೈರ್ಯವನ್ನು ಕಡಿಮೆ ಮಾಡುವುದಿಲ್ಲ, ಪೂರ್ಣಗೊಳಿಸುತ್ತದೆ. ವಿವೇಕವನ್ನು ಧರ್ಮಸಭೆ ಎಲ್ಲ ಸದ್ಗುಣಗಳ ಸಾರಥಿ ಎಂದು ಕರೆಯುತ್ತದೆ. ಸಾರಥಿಯಿಲ್ಲದ ರಥ ಎಷ್ಟು ವೇಗವಾಗಿ ಓಡಿದರೇನು?

ಪ್ರಿಯ ತಂದೆತಾಯಿಯರೇ, ಎಸ್ಸೆಸ್ಸೆಲ್ಸಿ ಪಾಸಾದರೆ ಬೈಕು ಕೊಡಿಸುತ್ತೇನೆ ಎಂದು ಮಾತು ಕೊಡಬೇಡಿ. 2019ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ, ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ ಹಾಗೂ 3 ವರ್ಷದವರೆಗೆ ಜೈಲುಶಿಕ್ಷೆ ಆಗಬಹುದು. ಆದರೆ ದಂಡದ ಭಯಕ್ಕಿಂತ ಮಗನ ಮೇಲಿನ ಪ್ರೀತಿ ದೊಡ್ಡದಲ್ಲವೇ? ಬರೀ ಬೈಯಬೇಡಿ; ಕೂರಿಸಿ ಮಾತಾಡಿ. ಬೈಸಿಕೊಂಡ ಹುಡುಗ ಸಿಟ್ಟಿನಲ್ಲಿ ಗಾಡಿ ಏರುತ್ತಾನೆ. ಸಿಟ್ಟು ವೇಗವನ್ನು ಹೆಚ್ಚಿಸುತ್ತದೆ. ಅಪ್ಪನೇ ಹೆಲ್ಮೆಟ್ ಇಲ್ಲದೆ ಸಂತೆಗೆ ಹೋದರೆ ಮಗನಿಗೆ ಹೇಳುವ ಮಾತಿಗೆ ಬೆಲೆ ಎಲ್ಲಿ?

ಪ್ರಿಯ ಯುವಕರೇ, ನಿಮ್ಮ ಆಸೆಯನ್ನು ನಾನು ಹಾಸ್ಯ ಮಾಡುವುದಿಲ್ಲ. ನಿಜವಾಗಿ ಕಲಿಯಬೇಕೆಂದರೆ ಪ್ರಾಯಕ್ಕೆ ಬನ್ನಿ, ಲೈಸೆನ್ಸ್ ಪಡೆಯಿರಿ, ದುಡಿದು ಹಣ ಕೂಡಿಸಿ, ತರಬೇತಿ ಕೊಡುವ ಟ್ರ್ಯಾಕಿಗೆ ಹೋಗಿ ಗುರುವಿನ ಕೈಕೆಳಗೆ ಕಲಿಯಿರಿ. ಅಲ್ಲಿಯೂ ಮೊದಲು ಕಲಿಸುವುದು ನಿಧಾನವನ್ನೇ. ಅಲ್ಲಿಯವರೆಗೆ ಮಸ್ಕಿಯ ತಿರುವಿನಲ್ಲಿ, ಸಿಂಧನೂರಿನ ಕಾಲುವೆ ಸೇತುವೆಯ ಮೇಲೆ ನಿಮ್ಮ ಚಳಕ ಒಂದೇ ಇರಲಿ: ಮನೆಗೆ ಮರಳುವುದು. ಗೆಳೆಯ ಮೊಬೈಲ್ ಎತ್ತಿ ಹಿಡಿದು, ಇನ್ನೂ ವಾಲಿಸು ಎಂದಾಗ ಇಲ್ಲ ಎನ್ನಲು ಬೇಕಾದ ಧೈರ್ಯ ಸಣ್ಣದಲ್ಲ. ದೇವಾಲಯದ ಶಿಖರದ ಮೇಲೆ ನಿಂತು ಪ್ರಭು ತೋರಿದ ಧೈರ್ಯ ಅದೇ.

ದಾರಿಯೂ ಸತ್ಯವೂ ಜೀವವೂ ಆದ ಪ್ರಭು ನಿಮ್ಮೆಲ್ಲರ ಹೋಗುಬರುವಿಕೆಗಳನ್ನು ಕಾಯಲಿ. ಕಾಯುತ್ತಿರುವ ತಾಯಂದಿರ ಬಾಗಿಲಿಗೆ ಮಕ್ಕಳು ಸುಖವಾಗಿ ಮರಳಲಿ. ಆಮೆನ್.