ಹಾದಿ ಕಲಿಸಿದವರು ಯಾರು?

ಯುಗಾದಿ ಕಳೆದ ಎರಡನೆಯ ದಿನ, ಕುಮಟಾ ಬಳಿಯ ಅಘನಾಶಿನಿ ಅಳಿವೆ. ಬೆಳಗಿನ ಇಳಿತಕ್ಕೆ ಕೆಸರಿನ ಬಯಲು ತೆರೆದುಕೊಂಡಿತ್ತು. ಸೆರಗು ಬಿಗಿದ ಹೆಂಗಸರು ಬಳಚು ಹೆಕ್ಕುತ್ತಿದ್ದರು. ಅವರಿಂದ ಹತ್ತು ಮಾರು ಆಚೆಗೆ ಸ್ಯಾಂಡ್ ಪ್ಲವರ್ ಹಕ್ಕಿಗಳ ಹಿಂಡು. ನಾಲ್ಕು ಹೆಜ್ಜೆ ಓಟ, ಥಟ್ಟನೆ ನಿಲುಗಡೆ, ಒಂದು ಕುಕ್ಕು, ಮತ್ತೆ ಓಟ. ಚಳಿಗಾಲವೆಲ್ಲ ಬೆಳ್ಳಗಿದ್ದ ಎದೆಗೆ ಇಟ್ಟಿಗೆಗೆಂಪು ಏರುತ್ತಿತ್ತು. ಆ ಬಣ್ಣ ಬಂತೆಂದರೆ ಲಡಾಖ್, ಟಿಬೆಟ್ ಕಡೆಯ ಎತ್ತರದ ಬಯಲುಗಳಿಗೆ ಹೊರಡುವ ಕಾಲ ಬಂತೆಂದೇ ಅರ್ಥ. ಒಂದು ಮಾತ್ರ ಇನ್ನೂ ಮಾಸಲಾಗಿತ್ತು. ಕಳೆದ ಬೇಸಿಗೆಯ ಮರಿಯಿರಬೇಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಎಳೆಯ ಹಕ್ಕಿ. ಈ ಜಾತಿಯ ಹಲವು ಹಕ್ಕಿಗಳಲ್ಲಿ ತಾಯ್ತಂದೆ ಮೊದಲೇ ಹೊರಟುಬಿಡುತ್ತವೆ. ಮರಿಗಳು ಆಮೇಲೆ ತಾವಾಗಿಯೇ ಹಿಮಾಲಯ ದಾಟಿ, ಎಂದೂ ಕಾಣದ ಕಡಲಿಗೆ ಬರುತ್ತವೆ. ಕಾಣದ್ದನ್ನು ಬಯಸುವುದು ಹೇಗೆ?

ಮೂವತ್ತು ವರ್ಷ ಸಂಸ್ಕೃತ ಪಾಠ ಮಾಡಿದ ನನಗೆ ಗೌತಮನ ನ್ಯಾಯಸೂತ್ರ ನೆನಪಾಯಿತು. ಹುಟ್ಟಿದ ಕೂಸು ಮೊಲೆಹಾಲಿಗೆ ಹಾತೊರೆಯುವುದು ಹಿಂದಿನ ಜನ್ಮದ ಅಭ್ಯಾಸದಿಂದ, ಆದ್ದರಿಂದ ಆತ್ಮ ನಿತ್ಯ ಎಂದು ಅವನ ವಾದ. ಎದುರಾಳಿ ಕೇಳುತ್ತಾನೆ: ಕಬ್ಬಿಣ ಸೂಜಿಗಲ್ಲಿನತ್ತ ಹೋಗಲು ಯಾವ ಅಭ್ಯಾಸ ಬೇಕು? ಹಕ್ಕಿಗಳು ಭೂಮಿಯ ಕಾಂತಶಕ್ತಿಯನ್ನು ಗ್ರಹಿಸುತ್ತವೆಂದು ಇಂದು ತಿಳಿದಿರುವಾಗ ಗೆದ್ದವನು ಎದುರಾಳಿಯೇ ಅನ್ನಿಸಬಹುದು. ಆದರೆ ಗೌತಮ ಬಿಡುವುದಿಲ್ಲ. ಕಬ್ಬಿಣವೂ ಸಿಕ್ಕಸಿಕ್ಕ ಕಡೆ ಹೋಗದು. ಅದಕ್ಕೂ ನಿಯತವಾದ ಕಾರಣವಿದೆ ಎನ್ನುತ್ತಾನೆ.

ಆತ್ಮದ ಮಾತನ್ನು ನಾನು ತೀರ್ಮಾನಿಸಲಾರೆ. ಆದರೆ ಬಯಕೆ ಬರಿಗೈಯಲ್ಲಿ ಹುಟ್ಟುವುದಿಲ್ಲ ಎಂಬುದನ್ನು ನಂಬುತ್ತೇನೆ. ಈ ಮರಿಯ ಹಿಂದಿನ ಜನ್ಮಗಳೆಂದರೆ ಹಾರಿ, ದಾರಿ ತಪ್ಪದೆ ಬದುಕುಳಿದ ಅದರ ಹಿರಿಯರೇ. ಅಭ್ಯಾಸ ಅವರದು, ಬಯಕೆ ಇದರದು. ನಾವು ಪಿತೃಋಣ ಎನ್ನುವುದು ಇದನ್ನೇ ಅಲ್ಲವೆ? ಆ ಋಣ ಕೆಸರಿಗೂ ಸಲ್ಲಬೇಕು. 2024ರಲ್ಲಿ ಈ ಅಳಿವೆ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿ ಸೇರಿದಾಗ ನನಗೆ ಸಂತೋಷವಾದದ್ದು ಅದಕ್ಕೇ. ಕೆಸರು ಕೆಟ್ಟರೆ ಹಕ್ಕಿಯ ಬಯಕೆ ಉಳಿದೀತು, ಬಯಸಿದ್ದು ಉಳಿಯದು.

ಒಂಬತ್ತಕ್ಕೆ ಭರತ ಏರಿತು. ಹೆಂಗಸರು ಬುಟ್ಟಿ ಹೊತ್ತು ದಡಕ್ಕೆ ಬಂದರು, ಹಿಂಡು ಮೇಲೆದ್ದಿತು. ಮಾಸಲು ಎದೆಯದು ಈ ಮಳೆಗಾಲ ಇಲ್ಲೇ ಕಳೆದೀತು. ಮೊದಲ ವರ್ಷ ಹಲವು ಮರಿಗಳು ಹೀಗೆ ಉಳಿಯುವುದುಂಟು. ಬರುವ ಹಾದಿ ತಿಳಿದಿದ್ದ ಅದಕ್ಕೆ, ಹೊರಡುವ ಹೊತ್ತು ಇನ್ನೂ ಬಂದಿಲ್ಲವೆಂಬುದೂ ತಿಳಿದಿತ್ತು.