ವಸ್ತುವನ್ನು ಎಷ್ಟು ಕಾಲ ಇಟ್ಟುಕೊಳ್ಳತಕ್ಕದ್ದು?

ಕಳೆದ ಹುಣ್ಣಿಮೆಯ ಶಿವಾನುಭವಗೋಷ್ಠಿ ಮುಗಿದು, ದಾಸೋಹದ ಪಂಕ್ತಿಗೆ ಇನ್ನೂ ಸ್ವಲ್ಪ ಹೊತ್ತಿದ್ದಾಗ, ಶಿಡ್ಲಘಟ್ಟದ ಕಡೆಯ ತರುಣ ಭಕ್ತರೊಬ್ಬರು ಎದ್ದುನಿಂತು ಒಂದು ಪ್ರಶ್ನೆಯನ್ನು ಕೇಳಿದರು. "ಬುದ್ಧಿ, ನಮ್ಮ ತಂದೆಯವರು ಒಂದೇ ಜೀಪನ್ನು ಇಪ್ಪತ್ತೆಂಟು ವರ್ಷ ಇಟ್ಟುಕೊಂಡರು. ನಾನು ಈಗ ಕಂತಿನ ಮೇಲೆ ಹೊಸದೊಂದನ್ನು ತಂದಿದ್ದೇನೆ. ಐದು ವರ್ಷಕ್ಕೆ ಮಾರಿಬಿಡು, ಬೆಲೆ ಇರುವಾಗಲೇ ಕೈದಾಟಿಸು ಎಂದು ಸ್ನೇಹಿತರು ಹೇಳುತ್ತಾರೆ. ತಂದೆಯವರಾದರೋ ಮಾರುವುದೇ ಪಾಪವೆಂಬಂತೆ ಮಾತನಾಡುತ್ತಾರೆ. ಎಷ್ಟು ಕಾಲ ಇಟ್ಟುಕೊಂಡರೆ ಸರಿ?"

ಸಭೆಯಲ್ಲಿ ನಗು ಎದ್ದಿತು. ಲಿಂಗಾಂಗ ಸಾಮರಸ್ಯವನ್ನು ಕುರಿತು ಒಂದು ಗಂಟೆ ಉಪದೇಶವಾದ ಮೇಲೆ ಜೀಪಿನ ಮಾತೇ ಎಂದು ಹಲವರಿಗೆ ಅನಿಸಿರಬೇಕು. ಬುದ್ಧಿಯವರು ನಗಲಿಲ್ಲ. "ಜೀಪು ಇಟ್ಟುಕೊಂಡಿದ್ದವರೇ ಇದಕ್ಕೆ ಉತ್ತರ ಹೇಳಲಿ" ಎಂದು ನನ್ನ ಕಡೆಗೆ ನೋಡಿದರು. ನನಗೆ ಅಂದು ಬಾಯಿ ಬರಲಿಲ್ಲ. ಅದರ ಕಾರಣವನ್ನು ಮುಂದೆ ನಿವೇದಿಸುವೆನು. ಮೊದಲು ಪ್ರಶ್ನೆಯನ್ನೇ ನೋಡೋಣ. ಏಕೆಂದರೆ ಅದು ತೋರುವಷ್ಟು ಲಘುವಾದದ್ದಲ್ಲ.

ನಮ್ಮ ಸೀಮೆಗೆ ಜೀಪು ಬಂದದ್ದು ಶೋಕಿಗಾಗಿ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಹುಟ್ಟಿದ ಈ ವಾಹನ ಆರು ಲಕ್ಷಕ್ಕೂ ಮಿಕ್ಕಿ ತಯಾರಾಯಿತು. ಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ, 1940ರ ದಶಕದ ಕೊನೆಯ ಹೊತ್ತಿಗೆ, ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆಯವರು ಅದನ್ನು ಜೋಡಿಸತೊಡಗಿದರು. ಅಮಲ್ದಾರರು, ಎಂಜಿನಿಯರುಗಳು, ಪೊಲೀಸರು ಮೊದಲು ಅದರಲ್ಲಿ ಓಡಾಡಿದರು. ಅನಂತರ ಹರಾಜಿನಲ್ಲಿ ಬಂದ ಹಳೆಯ ಸರ್ಕಾರಿ ಜೀಪುಗಳು ರೈತರ ಅಂಗಳವನ್ನು ಸೇರಿದವು. ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿ ಒಂದೂ ಇಲ್ಲವಾದರೂ ಹಳ್ಳಕೊಳ್ಳ, ಗುಡ್ಡ, ಬಂಡೆಗಳಿಗೆ ಕೊರತೆಯಿಲ್ಲ. ಗೌರಿಬಿದನೂರಿನ ಬಳಿ ಉತ್ತರ ಪಿನಾಕಿನಿಯ ಒಣಮರಳನ್ನು ದಾಟುವುದಕ್ಕೂ, ನಂದಿಯ ತಪ್ಪಲಿನ ತೋಟಗಳ ಕೊರಕಲು ದಾರಿಯನ್ನು ಏರುವುದಕ್ಕೂ ನಾಲ್ಕು ಚಕ್ರವೂ ಎಳೆಯುವ ಬಂಡಿಯೇ ಬೇಕಾಗಿತ್ತು. ಹಿಪ್ಪುನೇರಳೆ ಸೊಪ್ಪು, ಗೂಡು ಕಟ್ಟುವ ಚಂದ್ರಿಕೆ, ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಗಬೇಕಾದ ರೇಷ್ಮೆಗೂಡಿನ ಚೀಲ, ಚಿಂತಾಮಣಿಯ ಮಂಡಿಗೆ ಹೋಗಬೇಕಾದ ಟೊಮೇಟೊ, ಹೆರಿಗೆಗೆಂದು ಆಸ್ಪತ್ರೆಗೆ ಹೊರಟ ಸೊಸೆ, ಮಠದ ಜಾತ್ರೆಗೆ ಹೊರಟ ಅಜ್ಜಿ, ಎಲ್ಲವನ್ನೂ ಎಲ್ಲರನ್ನೂ ಅದೇ ಹೊತ್ತಿತು. ಅಂತಹ ವಾಹನವನ್ನು ಕಾಯಕದ ಉಪಕರಣವೆಂದು ಕರೆದರೆ ತಪ್ಪಾಗಲಾರದು.

ಅದನ್ನು ದೀರ್ಘಕಾಲ ಇಟ್ಟುಕೊಳ್ಳುವುದರಲ್ಲಿ ಒಂದು ಧರ್ಮವಿದೆ ಎಂಬ ಆ ತಂದೆಯವರ ಭಾವನೆ ಬುಡವಿಲ್ಲದ್ದಲ್ಲ. ಹಳೆಯ ಜೀಪಿನ ರಚನೆಯೇ ಬಿಚ್ಚಿ ಜೋಡಿಸಲು ಒದಗುವಂತಹದು. ಏಣಿಯಂತಹ ಉಕ್ಕಿನ ಚಾಸಿ ಕೆಳಗೆ, ಬೋಲ್ಟು ಹಾಕಿ ಕೂಡಿಸಿದ ಮೈ ಮೇಲೆ. ಮೈ ತುಕ್ಕು ಹಿಡಿದರೆ ತಗಡಿನ ಕೆಲಸದವನು ಹೊಸ ಮೈ ಕಟ್ಟುವನು. ಎಂಜಿನ್ನು ಸವೆದರೆ ಇನ್ನೊಂದನ್ನು ಕೂಡಿಸಬಹುದು. ಅದಿರು ತೆಗೆದವನ, ಉಕ್ಕು ಕಾಯಿಸಿದವನ, ಗ್ಯಾರೇಜಿನಲ್ಲಿ ಗ್ರೀಸು ಬಳಿದ ಹುಡುಗನ ಬೆವರು ಅದರಲ್ಲಿ ಸೇರಿದೆ. ಇನ್ನೂ ದುಡಿಯಬಲ್ಲ ಉಪಕರಣವನ್ನು ಬಣ್ಣ ಹಳತಾಯಿತೆಂದು ಎಸೆಯುವವನು ಈ ಎಲ್ಲರ ದುಡಿಮೆಯನ್ನೂ ಎಸೆದಂತಾಯಿತು. ನಮ್ಮ ಜಿಲ್ಲೆಯ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ ಕುಲಪತಿಗಳೂ ಆದ ಡಾ. ಎಚ್. ನರಸಿಂಹಯ್ಯನವರು ಬದುಕಿನ ಬಹುಭಾಗವನ್ನು ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯಲ್ಲಿಯೇ ಕಳೆದರು. ದೇವರು ಧರ್ಮಗಳ ವಿಷಯದಲ್ಲಿ ಅವರ ಮಾತೆಲ್ಲವನ್ನೂ ನಾವು ಒಪ್ಪಲಾರೆವು. ಆದರೆ ಇರುವುದರಲ್ಲಿ ಸಾಕೆನ್ನುವ ಅವರ ನಡೆಯ ಮುಂದೆ ನಮ್ಮಂತಹ ಭಕ್ತರು ತಲೆಬಾಗಲೇಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಮೈ ಬದಲಾಗಿ, ಎಂಜಿನ್ನು ಬದಲಾಗಿ, ಗೇರುಪೆಟ್ಟಿಗೆಯೂ ಚಕ್ರಗಳೂ ಬದಲಾದ ಮೇಲೆ "ಇದು ನಮ್ಮಪ್ಪನ ಜೀಪು" ಎನ್ನುವಾಗ ಯಾವುದನ್ನು ಕುರಿತು ಹೇಳುತ್ತೇವೆ? ಬೌದ್ಧರ ಮಿಲಿಂದಪ್ರಶ್ನೆಯೆಂಬ ಗ್ರಂಥದಲ್ಲಿ ನಾಗಸೇನನೆಂಬ ಭಿಕ್ಷುವು ಯವನರಾಜನನ್ನು ಇದೇ ಬಗೆಯಾಗಿ ಕೇಳುತ್ತಾನೆ: ನೀನು ಏರಿಬಂದ ರಥ ಯಾವುದು, ಅಚ್ಚೋ, ಗಾಲಿಯೋ, ನೊಗವೋ? ಸಾರಿಗೆ ಇಲಾಖೆಯವರು ಇದಕ್ಕೆ ಸುಲಭವಾದ ಉತ್ತರ ಕಂಡುಕೊಂಡಿದ್ದಾರೆ. ಚಾಸಿಯ ಮೇಲೆ ಕೊರೆದ ನಂಬರೇ ಅವರಿಗೆ ವಾಹನ. ಒಡೆಯನಿಗಾದರೋ ಅಷ್ಟು ಸುಲಭವಿಲ್ಲ. ಅವನು ಹಿಡಿದುಕೊಂಡಿರುವುದು ಲೋಹವನ್ನಲ್ಲ, ನೆನಪನ್ನು. ನೆನಪು ಒಳ್ಳೆಯದೇ. ಆದರೆ ನೆನಪಿಗೆ ಬ್ರೇಕು ಬೇಕಿಲ್ಲ, ಜೀಪಿಗೆ ಬೇಕು. ಆಯುಧಪೂಜೆಯ ದಿನ ನಾವು ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಮುಂಭಾಗಕ್ಕೆ ವಿಭೂತಿ ಬಳಿಯುತ್ತೇವೆ. ಅಂದೇ ಒಮ್ಮೆ ಬ್ರೇಕಿನ ಎಣ್ಣೆಯನ್ನೂ ನೋಡಿದವರು ಎಷ್ಟು ಜನರಿದ್ದೇವೋ!

ಮಾರಬೇಕೆನ್ನುವ ಸ್ನೇಹಿತರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. 1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ವಾಹನದ ನೋಂದಣಿ 15 ವರ್ಷಗಳದು. ಅನಂತರ ತಪಾಸಣೆಯಲ್ಲಿ ಯೋಗ್ಯವೆನಿಸಿದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಆ ನವೀಕರಣದ ಶುಲ್ಕ ಕಾರು ಜೀಪುಗಳಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು; 2025ರ ಆಗಸ್ಟಿನಲ್ಲಿ 20 ವರ್ಷ ದಾಟಿದವುಗಳಿಗೆ 10,000 ಎಂದು ಗೊತ್ತುಮಾಡಿದರು. 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿಯನ್ನು 2023ರ ಏಪ್ರಿಲ್ 1ರಿಂದ ನಿಲ್ಲಿಸಿಯೇಬಿಟ್ಟರು. ಹಳೆಯದನ್ನು ಗುಜರಿಗೆ ಹಾಕಿದವರಿಗೆ ಹೊಸದರ ತೆರಿಗೆಯಲ್ಲಿ ರಿಯಾಯಿತಿ ಕೊಡುವ ನೀತಿಯೂ 2021ರಲ್ಲಿಯೇ ಬಂದಿದೆ. ಇದೆಲ್ಲ ಕಾರ್ಖಾನೆಗಳ ಲಾಭಕ್ಕೆಂದು ಗೊಣಗುವವರನ್ನು ನಾನು ಬಲ್ಲೆ, ನಾನೂ ಗೊಣಗಿದ್ದೇನೆ. ಆದರೆ ಹಳೆಯ ಡೀಸೆಲ್ ಎಂಜಿನ್ನು ಕಾರುವ ಕರಿಹೊಗೆಯನ್ನು ಕುಡಿಯುವವನು ಒಡೆಯನಲ್ಲ. ಅವನು ಮುಂದೆ ಹೋಗಿಬಿಟ್ಟಿರುತ್ತಾನೆ. ಕುಡಿಯುವುದು ರಸ್ತೆಯ ಬದಿಯಲ್ಲಿ ಶಾಲೆಗೆ ನಡೆದುಹೋಗುತ್ತಿರುವ ಮಗು. ಆ ಮಗುವಿನ ಒಪ್ಪಿಗೆಯನ್ನು ನಾವು ಕೇಳಿಲ್ಲ.

2023ರ ಅಕ್ಟೋಬರ್ 26ರ ಮುಂಜಾನೆ ಚಿಕ್ಕಬಳ್ಳಾಪುರದ ಹೊರವಲಯದ ಹೆದ್ದಾರಿಯಲ್ಲಿ, ನಿಂತಿದ್ದ ಟ್ಯಾಂಕರಿಗೆ ಸುಮೋ ವಾಹನವೊಂದು ಅಪ್ಪಳಿಸಿ 13 ಮಂದಿ ಪ್ರಾಣ ಬಿಟ್ಟುದನ್ನು ಈ ಭಾಗದ ಓದುಗರು ಮರೆತಿರಲಾರರು. ಅಂದು ದಟ್ಟವಾದ ಮಂಜಿತ್ತು. ಬಂಡಿಯ ವಯಸ್ಸಿನ ಮೇಲೆ ದೋಷ ಹೊರಿಸಲು ನಾನು ಇದನ್ನು ಎತ್ತಲಿಲ್ಲ. ಒಂದು ಬಂಡಿಯಲ್ಲಿ ಎಷ್ಟು ಮನೆಗಳ ದೀಪ ಕುಳಿತಿರುತ್ತದೆ ಎಂಬುದನ್ನು ನೆನೆಯಲೆಂದು ಎತ್ತಿದೆ. ಟೊಮೇಟೊ ಬಿಡಿಸಲು ಹತ್ತು ಹನ್ನೆರಡು ಕೂಲಿಯ ಹೆಂಗಸರನ್ನು ಹಿಂದೆ ತುಂಬಿಕೊಂಡು ಹೋಗುವ ರೈತನು "ನನ್ನ ಜೀಪು, ನನ್ನ ಇಷ್ಟ" ಎನ್ನುವಂತಿಲ್ಲ.

ಹಾಗೆಂದು ಐದು ವರ್ಷಕ್ಕೆ ಬದಲಾಯಿಸುವವನೇ ವಿವೇಕಿಯೆ? ವಾರಾಂತ್ಯದಲ್ಲಿ ನಂದಿಬೆಟ್ಟದ ಕಡೆಗೆ ಹೊರಡುವ ಹೊಳೆಹೊಳೆಯುವ ಹೊಸ ಜೀಪುಗಳ ಸಾಲನ್ನು ನೋಡಿದರೆ ಹಾಗೆನಿಸುವುದಿಲ್ಲ. ಕೆಸರಿಗೆಂದು ಹುಟ್ಟಿದ ಬಂಡಿ ಕೆಸರನ್ನೇ ಕಾಣದೆ ಮಾರಾಟವಾಗುವುದೂ ಉಂಟು; ಕೆಸರು ಕಾಣಬೇಕೆಂಬ ಚಪಲಕ್ಕೆ ಕೆರೆಯಂಗಳವನ್ನು ಉತ್ತುಹಾಕುವುದೂ ಉಂಟು. ಕಂತು ತೀರುವ ಮೊದಲೇ ಮುಂದಿನ ಮಾದರಿಯ ಚಿತ್ರ ಮನಸ್ಸಿನಲ್ಲಿ ಕುಳಿತಿರುತ್ತದೆ. ತಂದೆ ಹಳೆಯದಕ್ಕೆ ಅಂಟಿಕೊಂಡರೆ ಮಗ ಇನ್ನೂ ಬಾರದಿರುವುದಕ್ಕೆ ಅಂಟಿಕೊಂಡಿದ್ದಾನೆ. ಅಂಟು ಒಂದೇ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನೆನಪಾಗದೆ ಇರದು. ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಮಿಕ್ಕಿದ್ದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಆ ತಾಯಿ ಪತಿಯನ್ನು ಹಿಂದಕ್ಕೆ ಅಟ್ಟಿದಳು. ಈ ಪ್ರಸಂಗವನ್ನು ನಾವು ಹೆಚ್ಚು ಸಂಪಾದಿಸಬಾರದೆಂಬುದಕ್ಕೆ ಮಾತ್ರ ದೃಷ್ಟಾಂತವಾಗಿ ಹೇಳುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಮಾತು ಅಡಗಿದೆಯೆಂದು ನನಗೆ ತೋರುತ್ತದೆ. ಅಕ್ಕಿ ಕೆಟ್ಟದ್ದಾಗಿರಲಿಲ್ಲ, ಕದ್ದದ್ದೂ ಆಗಿರಲಿಲ್ಲ. ಅದು ಅಂದಿನ ದಾಸೋಹಕ್ಕೆ ಮೀರಿತ್ತು, ಅಷ್ಟೆ. ತನ್ನ ಮನೆಯಲ್ಲಿ ಕೆಲಸವಿಲ್ಲದೆ ಕುಳಿತ ಹಿಡಿಯಕ್ಕಿ ಮತ್ತೊಂದೆಡೆ ಹಸಿದವನ ತುತ್ತೆಂಬುದನ್ನು ಲಕ್ಕಮ್ಮ ಕಂಡಿದ್ದಳು.

ಈಗ ನನ್ನ ಮಾತಿಗೆ ಬರುವೆನು. ನಮ್ಮ ತಂದೆಯವರು 1987ರಲ್ಲಿ ಕೊಂಡ ಡೀಸೆಲ್ ಜೀಪು ಅವರು ಲಿಂಗೈಕ್ಯರಾದ ಮೇಲೆ ನನ್ನ ಪಾಲಿಗೆ ಬಂದಿತು. ನಾನು ಉಪಾಧ್ಯಾಯ, ಶಾಲೆಗೆ ಬಸ್ಸಿನಲ್ಲಿ ಹೋಗಿಬರುವವನು. ಜೀಪಿನಿಂದ ನನಗೆ ಆಗಬೇಕಾದದ್ದೇನೂ ಇರಲಿಲ್ಲ. ಆದರೂ ಹುಣಸೆಮರದ ಪಕ್ಕದ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದಿಸಿ ನಿಲ್ಲಿಸಿದೆ. ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು. ನೋಂದಣಿಯ ಅವಧಿ ಮುಗಿಯಿತು. ಮಗ್ಗುಲ ತೋಟದ ರೈತನೊಬ್ಬ, ಹಳ್ಳದಾಚೆ ಒಂಟಿಮನೆ ಮಾಡಿಕೊಂಡಿದ್ದವನು, ಎರಡು ಸಲ ಬಂದು ಕೇಳಿದ: "ಅಣ್ಣಾ, ಸುಮ್ಮನೆ ನಿಂತಿದೆಯಲ್ಲ, ನನಗೆ ಕೊಡಿ, ರಿಪೇರಿ ನಾನು ಮಾಡಿಸಿಕೊಳ್ಳುತ್ತೇನೆ." ಅಪ್ಪನ ಕೈ ಮುಟ್ಟಿದ ಸ್ಟಿಯರಿಂಗು ಕೊಡಲಾಗದು ಎಂದೆ. ಹೀಗೆ ಹೇಳಿದಾಗ ನನಗೆ ನಾನೇ ಬಹಳ ಪಿತೃಭಕ್ತನಂತೆ ತೋರಿದೆನೆಂಬುದನ್ನು ಮುಚ್ಚಿಡಲಾರೆ.

ಒಂದು ಮಳೆಗಾಲದ ರಾತ್ರಿ ಅವನ ಹನ್ನೊಂದು ವರ್ಷದ ಮಗನಿಗೆ ಹಾವು ಕಚ್ಚಿತು. ಹಳ್ಳದಲ್ಲಿ ನೀರು, ಅವನ ಮೋಟಾರುಬೈಕು ದಾಟದು. ಅವನ ತಮ್ಮ ಈಜಿ ದಾಟಿ ಓಡಿಬಂದು ನನ್ನ ಬಾಗಿಲು ಬಡಿದ. ಟಾರ್ಪಾಲು ಎಳೆದು ಕೀಲಿ ತಿರುಗಿಸಿದೆವು. ಬ್ಯಾಟರಿ ಎಂದೋ ಸತ್ತಿತ್ತು. ನಾಲ್ವರು ಸೇರಿ ನೂಕಿದರೆ ಚಕ್ರಗಳು ಕಚ್ಚಿಕೊಂಡು ಕದಲಲಿಲ್ಲ. ಕೊನೆಗೆ ದೂರದ ಊರಿನಿಂದ ಟ್ರ್ಯಾಕ್ಟರು ತರಿಸಿ ಹುಡುಗನನ್ನು ಹಳ್ಳ ದಾಟಿಸಿ, 108ರ ವಾಹನಕ್ಕೆ ಏರಿಸುವ ಹೊತ್ತಿಗೆ ಎರಡು ಗಂಟೆ ಕಳೆದಿತ್ತು. ಹುಡುಗ ಬದುಕಿದ. ಅವನ ಕಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಬೇಗ ಬಂದಿದ್ದರೆ ಉಳಿಯುತ್ತಿದ್ದವೆ ಎಂದು ವೈದ್ಯರನ್ನು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಹಳೆಯ ಕ್ರಯಪತ್ರಗಳಲ್ಲಿ "ಸ್ಥಾವರ ಜಂಗಮ ಸ್ವತ್ತು" ಎಂಬ ಮಾತು ಬರುತ್ತದೆ. ನೆಲ ಮನೆಗಳು ಸ್ಥಾವರ, ಬಂಡಿ ದನಗಳು ಜಂಗಮ. ಬಸವಾದಿ ಶರಣರು ಈ ಎರಡು ಶಬ್ದಗಳಿಗೆ ಎಂತಹ ಅರ್ಥವನ್ನು ತುಂಬಿದರೆಂಬುದನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಜಂಗಮಸ್ವತ್ತನ್ನು ಕೊಟ್ಟಿಗೆಯಲ್ಲಿ ನೆಟ್ಟು, ಅದಕ್ಕೊಂದು ಗುಡಿ ಕಟ್ಟಿದಂತೆ ಮಾಡಿ, ಎದುರುಮನೆಯ ಕಷ್ಟಕ್ಕೆ ಬಾಗಿಲು ಮುಚ್ಚಿದವನು ನಾನು. ಗೋಷ್ಠಿಯಲ್ಲಿ ಬಾಯಿ ಬಾರದುದಕ್ಕೆ ಇದೇ ಕಾರಣ.

ಆದುದರಿಂದ ಆ ತರುಣ ಮಿತ್ರರಿಗೆ ವರ್ಷದ ಲೆಕ್ಕ ಹೇಳಲು ನನ್ನಿಂದಾಗದು. ಇಪ್ಪತ್ತೆಂಟು ವರ್ಷ ದುಡಿಸಿದ ನಿಮ್ಮ ತಂದೆಯವರದು ನನ್ನಂತಹ ಹಿಡಿತವಲ್ಲ. ಅವರ ಜೀಪು ನಿಂತಿರಲಿಲ್ಲ. ಅವರನ್ನು ಒಂದೇ ಮಾತು ಕೇಳಿರಿ: ಹೋದ ವರ್ಷ ಅದು ಯಾರಿಗಾಗಿ ಓಡಿತು, ಅದರ ಹಿಂದೆ ಕುಳಿತವರು ನಿರ್ಭಯವಾಗಿ ಕುಳಿತಿದ್ದರೆ? ನಿಮ್ಮ ಹೊಸದನ್ನು ಕುರಿತೂ ಐದನೆಯ ವರ್ಷದಲ್ಲಿ ಇದನ್ನೇ ಕೇಳಿಕೊಳ್ಳಿರಿ. ಕಂತಿನ ವಿಷಯದಲ್ಲಿ ಮಾತ್ರ ಒಂದು ಮಾತು: ಸಾಲ ತೀರದ ವಸ್ತುವನ್ನು ಇನ್ನೂ ನಮ್ಮದೆಂದು ತಿಳಿಯುವುದು ಬೇಡ, ಮಾರುವ ಮಾತು ಆಮೇಲಿನದು.

ನನ್ನ ಜೀಪಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಹುಡುಗ ಆಸ್ಪತ್ರೆಯಿಂದ ಬಂದ ತಿಂಗಳಿಗೆ ನಾನೇ ಹಳ್ಳ ದಾಟಿ ಹೋಗಿ ಕೀಲಿಯನ್ನು ಅವನ ತಂದೆಯ ಕೈಗೆ ಕೊಟ್ಟೆ. ಪುಕ್ಕಟೆ ಬೇಡವೆಂದು ಅವನು ಹಟ ಹಿಡಿದು, ಗುಜರಿಯವನು ಕಟ್ಟುವ ಬೆಲೆಯನ್ನು ಎರಡು ಬೆಳೆಯಲ್ಲಿ ತೀರಿಸಿದ. ಬ್ರೇಕು, ವೈರಿಂಗು, ಪಂಪು ಎಲ್ಲ ಮಾಡಿಸಿ, ದಂಡ ಕಟ್ಟಿ, ನೋಂದಣಿಯನ್ನು ನವೀಕರಿಸಿಕೊಂಡ. ಅದರಲ್ಲಿ ಗೂಡು ಹೋಗುತ್ತದೆ, ಸೊಪ್ಪು ಬರುತ್ತದೆ. ಹಳ್ಳದಾಚೆಯ ಐದಾರು ಮನೆಗಳಿಗೆ ರಾತ್ರಿಯ ಭಯ ಕಡಿಮೆಯಾಗಿದೆ. ಈ ಸಲದ ಅವಧಿ ತೀರುತ್ತ ಬಂತೆಂದು ಹೋದ ವಾರ ಬಂದಿದ್ದ. "ಇನ್ನೈದು ವರ್ಷ ಮಾಡಿಸಲೇ ಅಣ್ಣಾ, ಇಲ್ಲವೆ ಗುಜರಿಗೆ ಕೊಡಲೇ? ನಿಮ್ಮಪ್ಪನವರದು, ನೀವೇ ಹೇಳಬೇಕು" ಎಂದ. ನನ್ನದಲ್ಲವಪ್ಪಾ ಎಂದೆ. ಆದರೂ ಸುಮ್ಮನಿರಲಾರದೆ, ಹೊಗೆಯ ಪರೀಕ್ಷೆ ಮಾಡಿಸಿ, ಚಾಸಿಯನ್ನು ಕೆಳಗಿನಿಂದ ಬಡಿದು ನೋಡುವಂತೆ ಮೆಕ್ಯಾನಿಕ್ಕಿಗೆ ಹೇಳು, ತುಕ್ಕು ಒಳಗೆ ಇಳಿದಿದ್ದರೆ ಮಾಡಿಸಬೇಡ ಎಂದು ಹೇಳಿ ಕಳುಹಿಸಿದ್ದೇನೆ.