ಚಾಡಿಯೋ, ಸಾಕ್ಷಿಯೋ?

ನಮ್ಮ ಹಳ್ಳಿಯ ಸಭೆಗಳಲ್ಲಿ ತಂದೆತಾಯಿಗಳು ತಮ್ಮ ಮಕ್ಕಳನ್ನು ದೂರದ ಬೋರ್ಡಿಂಗ್ ಶಾಲೆಗೆ ಕಳುಹಿಸುವಾಗ ಪೆಟ್ಟಿಗೆ, ಹಾಸಿಗೆ, ಬಟ್ಟೆ, ಸತ್ಯವೇದ ಇವುಗಳನ್ನೆಲ್ಲಾ ಎಣಿಸಿ ಕೊಟ್ಟು ಪ್ರಾರ್ಥನೆಮಾಡಿ ಬೀಳ್ಕೊಡುತ್ತಾರೆ. ರಜೆಗೆ ಮಗುವು ಮನೆಗೆ ಬಂದಾಗ ಊಟ ಹೇಗೆ, ಪಾಠ ಹೇಗೆ, ಪರೀಕ್ಷೆಯಲ್ಲಿ ಎಷ್ಟು ಅಂಕ ಎಂದು ವಿಚಾರಿಸುತ್ತಾರೆ. ಇವೆಲ್ಲಾ ಕೇಳತಕ್ಕ ಮಾತುಗಳೇ. ಆದರೆ ರಾತ್ರಿ ದೀಪ ಆರಿದ ಮೇಲೆ ಆ ಕೋಣೆಯಲ್ಲಿ ಬಲವುಳ್ಳವನು ಬಲವಿಲ್ಲದವನಿಗೆ ಏನು ಮಾಡುತ್ತಾನೆಂದು ಕೇಳುವವರು ಕೊಂಚ. ಕೇಳಿದರೂ ಉತ್ತರ ಬರುವದು ಅಪರೂಪ. ಯಾಕಂದರೆ ಗೋಡೆಗೆ ಹಚ್ಚಿದ ನಿಯಮಗಳಲ್ಲದೆ ಮಕ್ಕಳೊಳಗೆಯೇ ನಡೆಯುವ ಬರೆಯದ ನಿಯಮವೊಂದು ಇಂಥ ಶಾಲೆಗಳಲ್ಲಿ ಉಂಟು. ಸಂಗಡಿಗನ ತಪ್ಪನ್ನು ಮೇಲಿನವರಿಗೆ ಹೇಳಬಾರದೆಂಬದೇ ಅದು. ಅದನ್ನು ಮೀರಿದವನಿಗೆ ಚಾಡಿಕೋರನೆಂಬ ಹೆಸರು. ಊಟದ ಸಾಲಿನಲ್ಲಿ ಅವನ ಪಕ್ಕದಲ್ಲಿ ಕೂತುಕೊಳ್ಳುವವರಿಲ್ಲ, ಆಟದಲ್ಲಿ ಅವನನ್ನು ಕರೆಯುವವರಿಲ್ಲ.

ಈ ನಿಯಮವು ಸದ್ಗುಣವೋ, ಪಾಪವೋ? ಕ್ರೈಸ್ತ ಮಗುವು ಇದಕ್ಕೆ ವಿಧೇಯನಾಗತಕ್ಕದ್ದೋ, ಇಲ್ಲವೋ? ಪ್ರಿಯ ವಾಚಕರೇ, ಇದು ಮಕ್ಕಳಾಟದ ಪ್ರಶ್ನೆಯೆಂದು ಎಣಿಸಬೇಡಿರಿ. ಬಾಲ್ಯದಲ್ಲಿ ಇದಕ್ಕೆ ಕಲಿತ ಉತ್ತರವನ್ನೇ ಮನುಷ್ಯನು ದೊಡ್ಡವನಾದ ಮೇಲೆ ಸಭೆಯಲ್ಲಿಯೂ ಊರಿನಲ್ಲಿಯೂ ನಡಿಸುತ್ತಾನೆ. ಆದದರಿಂದ ಇದನ್ನು ಸ್ವಲ್ಪ ವಿಚಾರಿಸೋಣ.

ಈ ನಿಯಮವು ಇಂಗ್ಲೆಂಡಿನ ಹಳೆಯ ವಸತಿಶಾಲೆಗಳಲ್ಲಿ ಹೇಗೆ ನಡೆಯಿತೆಂಬದನ್ನು ನೋಡಿದರೆ ಅದರ ಫಲವು ಸ್ಪಷ್ಟವಾಗುವದು. ಆ ದೇಶದಲ್ಲಿ ಸರ್ಕಾರದ ಕೈಕೆಳಗಿರದೆ ತಮ್ಮ ದತ್ತಿಯಿಂದಲೂ ಮಕ್ಕಳ ಶುಲ್ಕದಿಂದಲೂ ನಡೆಯುವ ಸ್ವತಂತ್ರ ಶಾಲೆಗಳು ಬಹುಕಾಲದಿಂದ ಇವೆ. ವಿಂಚೆಸ್ಟರಿನ ಶಾಲೆಯು ೧೩೮೨ರಲ್ಲಿ, ಈಟನಿನದು ೧೪೪೦ರಲ್ಲಿ, ರಗ್ಬಿಯದು ೧೫೬೭ರಲ್ಲಿ ಸ್ಥಾಪಿತವಾದವು. ಈಟನಿನಲ್ಲಿ ಅರಸನ ದತ್ತಿಯಿಂದ ಓದುತ್ತಿದ್ದ ೭೦ ಮಂದಿ ಹುಡುಗರಲ್ಲಿ ಬಹು ಮಂದಿ ಒಂದೇ ಉದ್ದನೆಯ ಕೋಣೆಯಲ್ಲಿ ಮಲಗುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಆರಂಭದ ವರೆಗೂ ರಾತ್ರಿಯಾದ ಮೇಲೆ ಆ ಕೋಣೆಗೆ ಬೀಗಹಾಕಿದರೆ ಬೆಳಗಾಗುವ ತನಕ ಒಳಗೆ ಗುರುಗಳು ಯಾರೂ ಇರುತ್ತಿರಲಿಲ್ಲ. ಕಿರಿಯರು ಹಿರಿಯರಿಗೆ ಊಳಿಗಮಾಡಬೇಕೆಂಬ ವಾಡಿಕೆಯೂ ಈ ಶಾಲೆಗಳಲ್ಲಿ ಇತ್ತು. ರೊಟ್ಟಿ ಸುಡುವದು, ಕರೆದಾಗ ಓಡಿಬರುವದು, ಕೋಣೆ ಗುಡಿಸುವದು ಇವೇ ಮೊದಲಾದ ಕೆಲಸಗಳು ಚಿಕ್ಕವರ ಪಾಲಿಗೆ ಬಿದ್ದಿದ್ದವು. ಒಳ್ಳೇ ಹಿರಿಯನು ಸಿಕ್ಕಿದರೆ ಅವನೇ ಕಿರಿಯನಿಗೆ ಆಶ್ರಯ. ಕೆಟ್ಟವನು ಸಿಕ್ಕಿದರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಆ ವಾಡಿಕೆಯು ಇಪ್ಪತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ನಿಂತುಹೋಯಿತು.

೧೮೨೫ರಲ್ಲಿ ಈಟನಿನ ಆಟದ ಬೈಲಿನಲ್ಲಿ ಇಬ್ಬರು ಹುಡುಗರು ಜಗಳವಾಡಿ ಮುಷ್ಟಿಯುದ್ಧಕ್ಕೆ ಇಳಿದರು. ಒಬ್ಬನು ದೊಡ್ಡವನು, ಒಬ್ಬನು ಚಿಕ್ಕವನು. ಸುಮಾರು ಎರಡು ತಾಸು ಹೊಡೆದಾಟ ನಡೆಯಿತು. ಸುತ್ತಲೂ ನಿಂತ ಹುಡುಗರು ನೋಡಿದರು, ಕೂಗಿ ಹುರಿದುಂಬಿಸಿದರು, ದಣಿದವನಿಗೆ ಬ್ರಾಂದಿಯನ್ನು ಕುಡಿಸಿ ಮತ್ತೆ ನಿಲ್ಲಿಸಿದರು. ಕಡೆಗೆ ಚಿಕ್ಕವನು ಬಿದ್ದನು. ಹೊತ್ತುಕೊಂಡು ಹೋಗಿ ಮಲಗಿಸಿದರು. ಅವನು ತಿರುಗಿ ಏಳಲಿಲ್ಲ. ಅಷ್ಟು ಹುಡುಗರಲ್ಲಿ ಒಬ್ಬನಾದರೂ ಗುರುಗಳ ಮನೆಗೆ ಓಡಿಹೋಗಿ ಬಾಗಲು ತಟ್ಟಿದ್ದರೆ ಒಂದು ಪ್ರಾಣ ಉಳಿಯುತ್ತಿತ್ತೇನೋ. ಅವರೆಲ್ಲರೂ ಕ್ರೂರಿಗಳೆಂದು ನಾವು ಹೇಳಲಾರೆವು. ತಾವು ನೋಡುವವರೇ ಹೊರತು ಮಾಡುವವರಲ್ಲವೆಂದು ಒಬ್ಬೊಬ್ಬನೂ ಎಣಿಸಿದ್ದಿರಬಹುದು.

ಹೀಗೆ ಸತ್ತ ಬಾಲಕನ ಅಣ್ಣನೇ ಮುಂದೆ ಶಾಫ್ಟ್ಸ್‌ಬರಿಯ ಪ್ರಭುವೆಂದು ಹೆಸರುಗೊಂಡವರು. ಅವರು ಸಹ ಬಾಲ್ಯದಲ್ಲಿ ಒಂದು ವಸತಿಶಾಲೆಯಲ್ಲಿ ಬಹು ಕಷ್ಟಪಟ್ಟವರು. ಅವರಿಗೆ ಪ್ರಾರ್ಥನೆ ಕಲಿಸಿ ಕರ್ತನ ಪ್ರೀತಿಯನ್ನು ತಿಳಿಸಿದವಳು ಅವರ ಮನೆಯಲ್ಲಿ ಕೆಲಸಕ್ಕಿದ್ದ ಮರಿಯಾ ಮಿಲ್ಲಿಸ್ ಎಂಬ ಭಕ್ತೆಯು. ಇವರು ಪಾರ್ಲಿಮೆಂಟಿನಲ್ಲಿ ಗಣಿಗಳ ಮಕ್ಕಳ ಪಕ್ಷವಾಗಿ ನಿಂತರು. ೧೮೪೨ರಲ್ಲಿ ಪ್ರಕಟವಾದ ವಿಚಾರಣೆಯ ವರದಿಯಲ್ಲಿ ನೆಲದೊಳಗೆ ಕತ್ತಲೆಯಲ್ಲಿ ದುಡಿಯುತ್ತಿದ್ದ ಮಕ್ಕಳು ತಮ್ಮ ಬಾಯಿಂದಲೇ ಹೇಳಿದ ಮಾತುಗಳು ಬರೆಯಲ್ಪಟ್ಟಿದ್ದವು. ಅದನ್ನು ಓದಿ ದೇಶವು ನಾಚಿತು. ಹತ್ತು ವರುಷಕ್ಕೆ ಒಳಗಿನ ಹುಡುಗರನ್ನೂ ಯಾವ ಹೆಂಗಸನ್ನೂ ನೆಲದೊಳಗಿನ ಗಣಿಕೆಲಸಕ್ಕೆ ಇಳಿಸಬಾರದೆಂಬ ಕಾನೂನು ಅದೇ ವರುಷ ಹುಟ್ಟಿತು. ಆ ಮಕ್ಕಳು ಮಾಡಿದ್ದು ಚಾಡಿಯೋ? ಅಲ್ಲ, ಸಾಕ್ಷಿ. ಅವರನ್ನು ಕೇಳುವವರು ಬಂದದರಿಂದ ಅವರು ಹೇಳಿದರು.

ಇಲ್ಲಿ ಯಾರಾದರೂ ಹೀಗೆ ಹೇಳಬಹುದು: ಚಾಡಿ ಹೇಳುವದನ್ನು ದೇವರ ವಾಕ್ಯವೇ ನಿಷೇಧಿಸುತ್ತದಲ್ಲವೇ? ಹೌದು, ನಿಷೇಧಿಸುತ್ತದೆ. ಸಂಗಡಿಗರ ಒಗ್ಗಟ್ಟು ಒಳ್ಳೇದೆಂಬದನ್ನೂ ನಾವು ಅಲ್ಲಗಳೆಯುವದಿಲ್ಲ. ತನ್ನ ಮೇಲೆ ಬಿದ್ದ ಪೆಟ್ಟನ್ನು ಸಹಿಸಿಕೊಂಡು ಜೊತೆಗಾರನನ್ನು ಒಪ್ಪಿಸದೆ ನಿಲ್ಲುವ ಹುಡುಗನಲ್ಲಿ ಒಂದು ಗಂಭೀರತೆ ಉಂಟು. ಗುರುಗಳ ಮೆಚ್ಚಿಕೆಗೋಸ್ಕರ ಪರರ ಚಿಕ್ಕ ಚಿಕ್ಕ ತಪ್ಪುಗಳನ್ನು ಹೆಕ್ಕಿಕೊಂಡು ಹೋಗುವವನು ಎಲ್ಲಿಯೂ ಹೇಯನೇ. ಆದರೆ ಯಾಜಕಕಾಂಡದ ೧೯ನೆಯ ಅಧ್ಯಾಯದ ೧೬ನೆಯ ವಚನವನ್ನು ತೆರೆದು ಪೂರ್ಣವಾಗಿ ಓದಿರಿ. ಜನರಲ್ಲಿ ಚಾಡಿ ಹೇಳುತ್ತಾ ತಿರುಗಬಾರದೆಂದು ಹೇಳುವ ಆ ವಚನವೇ, ನೆರೆಯವನ ಪ್ರಾಣದ ವಿಷಯದಲ್ಲಿ ಅವನಿಗೆ ವಿರೋಧವಾಗಿ ನಿಲ್ಲಬಾರದೆಂದೂ ಹೇಳುತ್ತದೆ. ಎರಡು ಆಜ್ಞೆಗಳನ್ನು ದೇವರು ಒಂದೇ ಉಸಿರಿನಲ್ಲಿ ಕೊಟ್ಟಿರಲಾಗಿ, ಮೊದಲನೆಯದನ್ನು ಹಿಡಿದು ಎರಡನೆಯದನ್ನು ಬಿಡುವ ಅಧಿಕಾರ ನಮಗೆ ಎಲ್ಲಿಂದ ಬಂತು? ಅದೇ ಗ್ರಂಥದ ೫ನೆಯ ಅಧ್ಯಾಯದ ಆರಂಭದಲ್ಲಿ, ಕಂಡು ತಿಳಿದವನು ಸಾಕ್ಷಿಗೆ ಕರೆದಾಗ ಹೇಳದೆ ಹೋದರೆ ಆ ದೋಷವು ಅವನ ಮೇಲೆಯೇ ಇರುವದೆಂದು ಕಾಣುತ್ತೇವೆ.

ಹಾಗಾದರೆ ಚಾಡಿಗೂ ಸಾಕ್ಷಿಗೂ ಭೇದವೇನು? ಮೂರು ಗುರುತುಗಳನ್ನು ಹೇಳುತ್ತೇವೆ.

ಮೊದಲನೆಯದು, ಯಾರಿಗೋಸ್ಕರ ಎಂಬದು. ಚಾಡಿಯು ಹೇಳುವವನ ಲಾಭಕ್ಕಾಗಿ. ಸಾಕ್ಷಿಯು ಬಾಧೆಪಡುವವನ ರಕ್ಷಣೆಗಾಗಿ. ಪೌಲನನ್ನು ಕೊಲ್ಲಲು ನಾಲ್ವತ್ತಕ್ಕಿಂತ ಹೆಚ್ಚು ಮಂದಿ ಹೊಂಚುಹಾಕಿದ್ದನ್ನು ಕೇಳಿದ ಅವನ ಸಹೋದರಿಯ ಮಗನು ಕೋಟೆಯೊಳಗೆ ಹೋಗಿ ತಿಳಿಸಿದನು. ಆ ಯೌವನಸ್ಥನು ಬಾಯಿಮುಚ್ಚಿಕೊಂಡಿದ್ದರೆ ಅಪೊಸ್ತಲನ ಗತಿ ಏನಾಗುತ್ತಿತ್ತು?

ಎರಡನೆಯದು, ಯಾರಿಗೆ ಎಂಬದು. ಚಾಡಿಯು ಕಿವಿಯಿಂದ ಕಿವಿಗೆ ಹರಿದು ಊರೆಲ್ಲಾ ತಿರುಗುತ್ತದೆ. ಸಾಕ್ಷಿಯು ಸರಿಪಡಿಸಲು ಶಕ್ತರಾದವರ ಬಳಿಗೆ ನೇರವಾಗಿ ಹೋಗಿ ಅಲ್ಲಿಯೇ ನಿಲ್ಲುತ್ತದೆ. ಕೊರಿಂಥದ ಸಭೆಯ ಜಗಳಗಳನ್ನು ಖ್ಲೋಯೆಯ ಮನೆಯವರು ಪೌಲನಿಗೆ ತಿಳಿಸಿದರು. ಪೌಲನು ತನಗೆ ಹೇಳಿದವರ ಹೆಸರನ್ನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದದರಲ್ಲಿ ಹೇಳಿದವರಿಗೆ ನಾಚಿಕೆಯೇನೂ ಇರಲಿಲ್ಲ.

ಮೂರನೆಯದು, ಎಷ್ಟು ಎಂಬದು. ಸಾಕ್ಷಿಯು ಕಂಡದ್ದನ್ನು ಕಂಡಷ್ಟೇ ಹೇಳುತ್ತದೆ. ಚಾಡಿಗೆ ಉಪ್ಪು ಖಾರ ಬೇಕು. ಚಿಕ್ಕ ತಪ್ಪಾದರೆ ಮತ್ತಾಯನ ೧೮ನೆಯ ಅಧ್ಯಾಯದಲ್ಲಿ ಕರ್ತನು ಕಲಿಸಿದಂತೆ ಮೊದಲು ತಪ್ಪುಮಾಡಿದವನೊಂದಿಗೆ ಏಕಾಂತವಾಗಿ ಮಾತಾಡಬೇಕು. ಬಳಪ ಕದ್ದವನ ವಿಷಯದಲ್ಲಿ ಇದು ಸರಿಯೇ. ಆದರೆ ಎಳೆಯ ಮಗುವನ್ನು ಹಿಂಸಿಸುವ ಬಲಿಷ್ಠನ ಮುಂದೆ ಅದೇ ಎಳೆಯನು ಒಬ್ಬನೇ ಹೋಗಿ ನಿಲ್ಲಬೇಕೆಂದು ಕರ್ತನು ಹೇಳಿದನೆಂದು ಬೋಧಿಸುವದು ವಾಕ್ಯವನ್ನು ತಿರುಚುವದಾಗಿದೆ. ಚಿಕ್ಕವರಲ್ಲಿ ಒಬ್ಬನನ್ನು ಎಡವಿಸುವವನಿಗೆ ಬೀಸುವ ಕಲ್ಲಿನ ಎಚ್ಚರಿಕೆಯು ಅದೇ ಅಧ್ಯಾಯದಲ್ಲಿದೆಯೆಂಬದನ್ನು ಮರೆಯಬಾರದು.

ಆದರೆ ಇಷ್ಟು ಹೇಳಿ ಹೊರೆಯನ್ನೆಲ್ಲಾ ಮಗುವಿನ ತಲೆಯ ಮೇಲೆ ಇಟ್ಟರೆ ನಾವು ಅನ್ಯಾಯಗಾರರಾಗುವೆವು. ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂದು ನಮ್ಮ ಗಾದೆಯೇ ಹೇಳುತ್ತದಲ್ಲಾ. ಕೇಳುವವನು ಕೋಪಗೊಂಡರೆ ಹೇಳುವವನು ಏನು ಮಾಡಾನು? ಆದದರಿಂದ ಗುರುಗಳೂ ಮೇಲ್ವಿಚಾರಕರೂ ಎಂಥವರಾಗಿರಬೇಕೆಂಬದನ್ನು ಸಹ ನೋಡತಕ್ಕದ್ದು.

ರಗ್ಬಿಯಲ್ಲಿ ೧೮೨೮ರಿಂದ ೧೮೪೨ರ ವರೆಗೆ ಮುಖ್ಯೋಪಾಧ್ಯಾಯರಾಗಿದ್ದ ಥಾಮಸ್ ಆರ್ನಲ್ಡ್ ಎಂಬ ಬೋಧಕರು ಹುಡುಗರ ಮೇಲೆ ಗೂಢಚಾರರನ್ನು ಇಡಲಿಲ್ಲ. ಹುಡುಗನು ಒಂದು ಮಾತು ಹೇಳಿದರೆ ಅದನ್ನು ನಂಬುತ್ತಿದ್ದರು. ಇವರು ನಂಬುತ್ತಾರಾದದರಿಂದ ಇವರಿಗೆ ಸುಳ್ಳು ಹೇಳುವದು ನಾಚಿಕೆಗೇಡೆಂದು ಹುಡುಗರೇ ಅಂದುಕೊಳ್ಳುತ್ತಿದ್ದರಂತೆ. ಒಮ್ಮೆ ಒಬ್ಬ ಹುಡುಗನು ಸುಳ್ಳಾಡಿದನೆಂದು ತಪ್ಪಾಗಿ ತಿಳಿದು ಅವನನ್ನು ಕಠಿಣವಾಗಿ ಹೊಡೆದರು. ನಿಜವು ತಿಳಿದ ಮೇಲೆ ಇಡೀ ಶಾಲೆಯ ಮುಂದೆ ಕ್ಷಮೆ ಬೇಡಿದರು. ಹಿರಿಯ ತರಗತಿಯವರಿಗೆ ಕಿರಿಯರನ್ನು ಕಾಯುವ ಅಧಿಕಾರವನ್ನು ಒಪ್ಪಿಸಿ, ಇದು ದೇವರ ಮುಂದೆ ಲೆಕ್ಕಕೊಡಬೇಕಾದ ಕೆಲಸವೆಂದು ಬೋಧಿಸಿದರು.

ಇಷ್ಟಾದರೂ ಬರೆಯದ ನಿಯಮವು ಅಲ್ಲಿ ಸಾಯಲಿಲ್ಲ. ಆ ಶಾಲೆಯಲ್ಲಿ ಓದಿದ ಥಾಮಸ್ ಹ್ಯೂಸ್ ಎಂಬವರು ೧೮೫೭ರಲ್ಲಿ ಟಾಮ್ ಬ್ರೌನ್ ಎಂಬ ಹುಡುಗನ ಶಾಲಾದಿನಗಳ ಕಥೆಯನ್ನು ಪ್ರಕಟಿಸಿದರು. ಅದರಲ್ಲಿ ಫ್ಲಾಶ್‌ಮನ್ ಎಂಬ ದುಷ್ಟನು ಚಿಕ್ಕ ಟಾಮನನ್ನು ಬೆಂಕಿಯ ಮುಂದೆ ಹಿಡಿದು ಸುಡುತ್ತಾನೆ. ಟಾಮನು ಯಾರ ಹೆಸರನ್ನೂ ಹೇಳುವದಿಲ್ಲ. ಎಲ್ಲರೂ ಅವನನ್ನು ಹೊಗಳುತ್ತಾರೆ. ಕಡೆಗೆ ಫ್ಲಾಶ್‌ಮನ್ನನು ಶಾಲೆಯಿಂದ ಹೊರಹಾಕಲ್ಪಡುವದು ಕುಡಿದು ಸಿಕ್ಕಿಬಿದ್ದದಕ್ಕಾಗಿ! ಅವನು ಕುಡಿಯದೆ ಇದ್ದಿದ್ದರೆ ಇನ್ನೆಷ್ಟು ಮಕ್ಕಳು ಆ ಬೆಂಕಿಯ ಮುಂದೆ ನಿಲ್ಲಬೇಕಾಗಿತ್ತು? ಟಾಮನ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಆದರೆ ಒಬ್ಬನು ತನ್ನ ನೋವನ್ನು ಮುಚ್ಚಿಟ್ಟರೆ ಅದರ ಬೆಲೆಯನ್ನು ಅವನ ಹಿಂದೆ ಬರುವ ಚಿಕ್ಕವರು ತೆರಬೇಕಾಗುವದು.

ಈ ಕ್ರಮವು ನಮ್ಮ ನಾಡಿಗೂ ಬಂದಿತು. ಆರ್ನಲ್ಡರ ಕೈಕೆಳಗೆ ರಗ್ಬಿಯಲ್ಲಿ ಕಲಿಸುತ್ತಿದ್ದ ಜಾರ್ಜ್ ಕಾಟನ್ ಎಂಬವರು ೧೮೫೨ರಲ್ಲಿ ಮಾರ್ಲ್‌ಬರೋ ಶಾಲೆಗೆ ಮುಖ್ಯಸ್ಥರಾಗಿ ಹೋದರು. ಬಹುಮಟ್ಟಿಗೆ ಬೋಧಕರ ಮಕ್ಕಳಿಗಾಗಿ ೧೮೪೩ರಲ್ಲಿ ಸ್ಥಾಪಿತವಾದ ಆ ಶಾಲೆಯಲ್ಲಿ ಹಿಂದಿನ ವರುಷವೇ ಹುಡುಗರು ದಂಗೆಯೆದ್ದಿದ್ದರು. ಕಾಟನರು ಹಿರಿಯ ವಿದ್ಯಾರ್ಥಿಗಳಿಗೆ ಜವಾಬ್ದಾರಿ ಕೊಟ್ಟು ಅದನ್ನು ತಿರುಗಿ ಕಟ್ಟಿದರು. ೧೮೫೮ರಲ್ಲಿ ಅವರು ಕಲ್ಕತ್ತೆಯ ಬಿಷಪರಾದರು. ೧೮೫೯ರಲ್ಲಿ ಸಿಮ್ಲಾದಲ್ಲಿ ಅವರು ಸ್ಥಾಪಿಸಿದ ಶಾಲೆಗೂ, ೧೮೬೫ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶಾಲೆಗೂ ಅವರ ಹೆಸರೇ ಇದೆ. ನಮ್ಮ ಬೋರ್ಡಿಂಗುಗಳಲ್ಲಿ ಹಿರಿಯ ಹುಡುಗನೊಬ್ಬನನ್ನು ಕೋಣೆಗೆ ನಾಯಕನಾಗಿ ಇಡುವಾಗ ನಾವು ಅಂಥ ಪದ್ಧತಿಯನ್ನೇ ನಡಿಸುತ್ತೇವೆ. ಇದು ಒಳ್ಳೇದು, ಆದರೆ ನಾಯಕನ ಮೇಲೆ ದೂರು ಹೇಳಲು ಕಿರಿಯನಿಗೆ ಬೇರೊಂದು ಬಾಗಲು ತೆರೆದಿರದಿದ್ದರೆ, ಕಾವಲುಗಾರನ ಕೈಗೇ ಬೀಗದ ಕೈ ಕೊಟ್ಟು ನಾವು ನಿದ್ರೆಹೋದಂತೆ.

ಇನ್ನು, ಶಾಲೆಯ ಹೆಸರು ಕೆಡುವದು, ಸಭೆಯ ಮಾನ ಹೋಗುವದು, ಹೊರಗಿನವರು ನಗುವರು ಎಂಬ ಭಯ ಒಂದುಂಟು. ಈ ಭಯವು ಎಲ್ಲಾ ದೇಶಗಳಲ್ಲಿಯೂ ಮಕ್ಕಳ ವೈರಿಯಾಗಿದೆ. ಬ್ರಿಟನಿನಲ್ಲಿ ಮಕ್ಕಳ ಮೇಲಣ ದುರಾಚಾರವನ್ನು ಕುರಿತು ನಡೆದ ಬಹಿರಂಗ ವಿಚಾರಣೆಯು ೨೦೨೨ರಲ್ಲಿ ವಸತಿಶಾಲೆಗಳ ಕುರಿತಾದ ವರದಿಯನ್ನು ಪ್ರಕಟಿಸಿದಾಗ, ಮಕ್ಕಳ ಕ್ಷೇಮಕ್ಕಿಂತ ತಮ್ಮ ಕೀರ್ತಿಯನ್ನು ಮುಂದಿಟ್ಟ ಶಾಲೆಗಳಿದ್ದವೆಂದು ತೋರಿಸಿತು. ನಮ್ಮ ದೇಶದಲ್ಲಿ ೨೦೧೨ರ ಪೋಕ್ಸೊ ಕಾನೂನಿನ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆಯೆಂದು ತಿಳಿದವನು ಅದನ್ನು ಪೋಲೀಸಿನವರಿಗೆ ತಿಳಿಸಲೇಬೇಕು. ಮುಚ್ಚಿಟ್ಟ ಹಿರಿಯನಿಗೆ ಶಿಕ್ಷೆಯುಂಟು. ಹೇಳದೆ ಹೋದ ಮಗುವಿಗೆ ಮಾತ್ರ ಆ ಶಿಕ್ಷೆಯಿಲ್ಲ. ಕಾನೂನು ಸಹ ಹೊರೆಯನ್ನು ದೊಡ್ಡವರ ಹೆಗಲಿಗೆ ಇಟ್ಟಿರುವದನ್ನು ಗಮನಿಸಿರಿ. ಕಷ್ಟದಲ್ಲಿರುವ ಯಾವ ಮಗುವಾದರೂ ೧೦೯೮ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಸಹಾಯ ಕೇಳಬಹುದು. ಇದನ್ನು ನಮ್ಮ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಕು.

ಸತ್ಯವೇದದಲ್ಲಿಯೂ ಮನೆಬಿಟ್ಟು ಗುರುವಿನ ಬಳಿಯಲ್ಲಿ ವಾಸಿಸಿದ ಬಾಲಕನೊಬ್ಬನಿದ್ದಾನೆ. ಸಮುವೇಲನು ಶೀಲೋವಿನಲ್ಲಿ ಏಲಿಯ ಕೈಕೆಳಗೆ ಬೆಳೆದನು. ಏಲಿಯ ಮಕ್ಕಳು ಬಲಾತ್ಕಾರದಿಂದ ನೈವೇದ್ಯವನ್ನು ಕಸಕೊಳ್ಳುತ್ತಿದ್ದರು, ಸ್ತ್ರೀಯರನ್ನು ಕೆಡಿಸುತ್ತಿದ್ದರು. ಏಲಿಯು ಅವರನ್ನು ಗದರಿಸಿದನೇ ಹೊರತು ತಡೆಯಲಿಲ್ಲ. ಆಗ ದೇವರು ಆ ಮನೆಯ ಮೇಲೆ ಬರುವ ತೀರ್ಪನ್ನು ಯಾರಿಗೆ ತಿಳಿಸಿದನು? ದೀಪದ ಬಳಿಯಲ್ಲಿ ಮಲಗಿದ್ದ ಆ ಚಿಕ್ಕ ಬಾಲಕನಿಗೆ. ಬೆಳಗಾದಾಗ ಸಮುವೇಲನು ಎದ್ದು ಎಂದಿನಂತೆ ಬಾಗಲುಗಳನ್ನು ತೆರೆದನು. ಆದರೆ ಹೇಳಲಿಕ್ಕೆ ಅಂಜಿದನು. ಪ್ರವಾದಿಯಾಗಲಿದ್ದವನೇ ಅಂಜಿದ ಮೇಲೆ ನಮ್ಮ ಮಕ್ಕಳು ಅಂಜುವದು ಆಶ್ಚರ್ಯವೇ? ಆಗ ಏಲಿಯು ಅವನನ್ನು ಮಗನೇ ಎಂದು ಕರೆದು, ಏನನ್ನೂ ಮರೆಮಾಡಬೇಡವೆಂದು ಆಣೆಯಿಟ್ಟು ಕೇಳಿದನು. ಕೇಳಿದ ಮಾತು ತನಗೇ ವಿರೋಧವಾಗಿದ್ದರೂ ಹೇಳಿದವನ ಮೇಲೆ ಸಿಟ್ಟುಗೊಳ್ಳಲಿಲ್ಲ. ಏಲಿಯು ತನ್ನ ಮಕ್ಕಳ ವಿಷಯದಲ್ಲಿ ದೊಡ್ಡ ತಪ್ಪುಮಾಡಿದನು, ಅದರ ಫಲವನ್ನೂ ಉಂಡನು. ಆದರೂ ಆ ಒಂದು ಬೆಳಗಿನಲ್ಲಿ ಅವನು ಒಳ್ಳೇ ಗುರುವಾಗಿದ್ದನು.

ಆದಕಾರಣ, ಮಕ್ಕಳೇ, ನಿಮ್ಮ ಸಂಗಡಿಗನ ಚಿಕ್ಕ ತಪ್ಪನ್ನು ಪ್ರೀತಿಯಿಂದ ಮುಚ್ಚಿರಿ; ಆದರೆ ಬಲಹೀನನ ಅಳುವನ್ನು ಮುಚ್ಚಬೇಡಿರಿ. ಗುರುಗಳೇ, ಮೇಲ್ವಿಚಾರಕರೇ, ಹೇಳಬಂದ ಮಗುವನ್ನು ಮೊದಲು ಕೂತುಕೊಳ್ಳಹೇಳಿ ಪೂರ್ತಿ ಕೇಳಿರಿ, ಆಮೇಲೆ ವಿಚಾರಿಸಿರಿ, ಹೇಳಿದವನಿಗೆ ಯಾರಿಂದಲೂ ಹಾನಿಯಾಗದಂತೆ ಕಾಯಿರಿ. ತಂದೆತಾಯಿಗಳೇ, ಹನ್ನಳು ವರುಷ ವರುಷಕ್ಕೂ ಚಿಕ್ಕ ನಿಲುವಂಗಿಯನ್ನು ಹೊಲಿದುಕೊಂಡು ಮಗನ ಬಳಿಗೆ ಹೋಗುತ್ತಿದ್ದಳು. ಮಗನು ಎಷ್ಟು ಬೆಳೆದಿದ್ದಾನೆಂದು ತಿಳಿಯದೆ ಅಂಗಿಯನ್ನು ಹೊಲಿಯುವದಕ್ಕಾಗುವದಿಲ್ಲ. ನೀವೂ ನಿಮ್ಮ ಮಕ್ಕಳನ್ನು ಹೋಗಿ ನೋಡಿರಿ, ಅವರ ಮುಖವನ್ನು ಓದಿರಿ, ಅಂಕಗಳನ್ನು ಕೇಳುವ ಮೊದಲು ಅವರ ನಿದ್ರೆಯನ್ನು ಕುರಿತು ಕೇಳಿರಿ. ಬೇರ್ಷೆಬದ ಅರಣ್ಯದೊಳಗೆ ಬಿದ್ದು ಅಳುತ್ತಿದ್ದ ಹುಡುಗನ ಸ್ವರವನ್ನು ಕೇಳಿದ ದೇವರು ನಮ್ಮ ಕಿವಿಗಳನ್ನು ಸಹ ತೆರೆಯಲಿ.